ಪದದ ಮೇಲೆ ಸ್ವರ, ಸ್ವರದ ಕೆಳಗೆ ಪದ

ಗಾನವೃಂದದವರ ಕೈಯಲ್ಲಿರುವ ಪಾಶ್ಚಾತ್ಯ ಸ್ವರಲಿಪಿಯ ಹಾಳೆಯನ್ನು ನೀವು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಐದು ಅಡ್ಡಗೆರೆಗಳು, ಅವುಗಳ ಮೇಲೂ ನಡುವೆಯೂ ಕುಳಿತ ಸ್ವರಚಿಹ್ನೆಗಳು, ಗೆರೆಗಳ ಕೆಳಗೆ ಒಂದಿಷ್ಟು ಬಿಳಿಯ ಜಾಗ, ಅದರ ಕೆಳಗೆ ಅಕ್ಷರ ಅಕ್ಷರವಾಗಿ ಒಡೆದು ಬರೆದ ಪದಗಳು. ಯಾವ ಅಕ್ಷರ ಯಾವ ಸ್ವರದ ಕೆಳಗೆ ನಿಲ್ಲಬೇಕು, ಗೆರೆಗೂ ಪದಕ್ಕೂ ಎಷ್ಟು ಅಂತರವಿರಬೇಕು ಎಂಬುದು ಮುದ್ರಕನಿಗೆ ಬಿಟ್ಟ ಸಣ್ಣ ಸಂಗತಿಯೆಂದು ನಮಗೆ ತೋರಬಹುದು. ಆದರೆ ಸಾವಿರ ವರ್ಷಗಳಿಗೂ ಮಿಕ್ಕಿದ ಕಾಲದಿಂದ ಧರ್ಮಸಭೆಯ ಲಿಪಿಕಾರರು, ಗಾಯಕರು, ಮುದ್ರಕರು, ಧರ್ಮಾಧ್ಯಕ್ಷರು ಸಹ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದಾರೆ. ಏಕೆಂದರೆ ಇದರೊಳಗೆ ಮತ್ತೊಂದು ಪ್ರಶ್ನೆ ಅಡಗಿದೆ: ಆರಾಧನೆಯಲ್ಲಿ ರಾಗವು ಪದವನ್ನು ಸೇವಿಸಬೇಕೋ, ಪದವು ರಾಗಕ್ಕೆ ದಾರಿ ಬಿಡಬೇಕೋ?

ಈ ಪ್ರಶ್ನೆ ಸಂತ ಅಗಸ್ತೀನರನ್ನೂ ಕಾಡಿತ್ತು. ತಮ್ಮ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ಅವರು, ಹಾಡಿನ ಅರ್ಥಕ್ಕಿಂತ ಹಾಡುವಿಕೆಯೇ ತಮ್ಮ ಮನಸ್ಸನ್ನು ಹೆಚ್ಚು ಸೆಳೆದಾಗ ತಾವು ತಪ್ಪು ಮಾಡಿದವರಂತೆ ಅಳುಕುವುದಾಗಿ ಬರೆಯುತ್ತಾರೆ. ಆದರೆ ಅದೇ ಅಗಸ್ತೀನರು ಕೀರ್ತನೆಗಳ ವ್ಯಾಖ್ಯಾನದಲ್ಲಿ ಪದವಿಲ್ಲದ ಹರ್ಷಗಾನವನ್ನು ಕೊಂಡಾಡುತ್ತಾರೆ. ದೇವರ ಮುಂದೆ ಮಾತು ಸೋತಾಗ ಹೃದಯವು ಅಕ್ಷರದ ಎಲ್ಲೆಯನ್ನು ಮೀರಿ ಹಾಡತೊಡಗುತ್ತದೆ ಎಂಬುದು ಅವರ ಅಭಿಪ್ರಾಯ. ಅರ್ಥ ಸ್ಪಷ್ಟವಾಗಬೇಕೆಂಬ ಕಾಳಜಿ, ಮಾತು ಮೀರಿದ ಆನಂದಕ್ಕೂ ಎಡೆಯಿರಬೇಕೆಂಬ ಹಂಬಲ: ಇವೆರಡರ ನಡುವಿನ ಎಳೆದಾಟವೇ ಸ್ವರಲಿಪಿಯ ಪುಟದ ಚರಿತ್ರೆ.

ಪದವೇ ಮೊದಲು

ಏಳನೆಯ ಶತಮಾನದಲ್ಲಿ ಸೆವಿಲ್ಲಿನ ಸಂತ ಇಸಿದೋರರು, ನಾದವನ್ನು ಬರೆದಿಡಲು ಸಾಧ್ಯವಿಲ್ಲ, ನೆನಪಿನಲ್ಲಿ ಉಳಿಯದಿದ್ದರೆ ಅದು ಅಳಿದುಹೋಗುತ್ತದೆ ಎಂದು ಹೇಳಿದ್ದರು. ಆ ಕಾಲದ ಸ್ಥಿತಿಯೇ ಹಾಗಿತ್ತು. ಪೂಜಾವಿಧಿಯ ಪದಗಳು ಪುಸ್ತಕದಲ್ಲಿದ್ದವು, ರಾಗಗಳು ಗಾಯಕರ ಎದೆಯಲ್ಲಿದ್ದವು. ಒಂಬತ್ತನೆಯ ಶತಮಾನದ ಹೊತ್ತಿಗೆ ಲಿಪಿಕಾರರು ಪದಗಳ ಮೇಲೆ ಸಣ್ಣ ಗೀಟುಗಳನ್ನೂ ಕೊಕ್ಕೆಗಳನ್ನೂ ಎಳೆಯತೊಡಗಿದರು. ನ್ಯೂಮ್ ಎಂಬ ಹೆಸರಿನ ಈ ಗುರುತುಗಳು ಧ್ವನಿ ಏರುತ್ತದೆಯೋ ಇಳಿಯುತ್ತದೆಯೋ ಎಂಬುದನ್ನು ಸೂಚಿಸುತ್ತಿದ್ದವು. ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂಬುದನ್ನು ಹೇಳುತ್ತಿರಲಿಲ್ಲ. ರಾಗವನ್ನು ಆಗಲೇ ಬಲ್ಲವನಿಗೆ ಮಾತ್ರ ಅವು ನೆನಪಿನ ಊರುಗೋಲು.

ಸ್ವಿಟ್ಜರ್ಲೆಂಡಿನ ಸಂತ ಗಾಲ್ ಮಠದ ಗ್ರಂಥಾಲಯದಲ್ಲಿ ಇಂದಿಗೂ ಇರುವ 359ನೆಯ ಸಂಖ್ಯೆಯ ಹಸ್ತಪ್ರತಿ ಹತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬರೆದದ್ದು. ಉದ್ದನೆಯ, ಕಿರಿದಾದ ಈ ಪುಸ್ತಕ ಬಲಿಪೂಜೆಯಲ್ಲಿ ಏಕಾಂಗಿ ಗಾಯಕನು ಹಾಡುವ ಗೀತೆಗಳ ಸಂಗ್ರಹ. ಇದರ ಪುಟವೊಂದರಲ್ಲಿ ಮೊದಲು ಬರೆದದ್ದು ಪದ. ಎರಡು ಸಾಲುಗಳ ನಡುವೆ ಬಿಟ್ಟ ಖಾಲಿ ಜಾಗದಲ್ಲಿ ಅನಂತರ ಬಂದದ್ದು ಸ್ವರದ ಗುರುತು. ಗುರುತುಗಳ ಪಕ್ಕದಲ್ಲಿ ‘ಬೇಗ’, ‘ನಿಲ್ಲಿಸಿ’ ಎಂಬರ್ಥದ ಲತೀನ್ ಪದಗಳ ಮೊದಲಕ್ಷರಗಳೂ ಇವೆ. ಪದವೇ ನೆಲ, ಸ್ವರವು ಆ ನೆಲದ ಮೇಲೆ ಹಾರಾಡುವ ಹಕ್ಕಿ ಎಂಬಂತಹ ವ್ಯವಸ್ಥೆ ಅದು.

ಆದರೆ ಇಲ್ಲಿಯೇ ತೊಡಕೂ ಆರಂಭವಾಯಿತು. ಗ್ರೆಗೋರಿಯನ್ ಗಾಯನದಲ್ಲಿ ಒಂದೇ ಅಕ್ಷರದ ಮೇಲೆ ಹತ್ತು, ಇಪ್ಪತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ಸ್ವರಗಳು ಬರುವುದುಂಟು. ‘ಅಲ್ಲೆಲೂಯ’ದ ಕೊನೆಯ ‘ಯ’ದ ಮೇಲೆ ಹರಿಯುವ ದೀರ್ಘ ಸ್ವರಮಾಲೆಯನ್ನು ನೆನೆಯಿರಿ; ಅಗಸ್ತೀನರು ಹೇಳಿದ ಪದವಿಲ್ಲದ ಹರ್ಷಗಾನಕ್ಕೆ ಮಧ್ಯಯುಗದ ವ್ಯಾಖ್ಯಾನಕಾರರು ಕೊಟ್ಟ ಉದಾಹರಣೆಯೇ ಅದು. ಪದವನ್ನು ಮೊದಲು ಬರೆಯುವ ಲಿಪಿಕಾರನು ಮುಂದೆ ಬರಲಿರುವ ಸ್ವರಗಳಿಗೆ ಎಷ್ಟು ಜಾಗ ಬೇಕೆಂದು ಮೊದಲೇ ಅಂದಾಜು ಮಾಡಿ, ಅಕ್ಷರ ಅಕ್ಷರಗಳ ನಡುವೆ ತೆರಪು ಬಿಡಬೇಕಿತ್ತು. ಅಂದಾಜು ತಪ್ಪಿದರೆ ಸ್ವರಗಳು ಒತ್ತೊತ್ತಾಗಿ ಮುಂದಿನ ಅಕ್ಷರದ ಮೇಲೆ ಬೀಳುತ್ತಿದ್ದವು, ಯಾವ ಸ್ವರ ಯಾವ ಅಕ್ಷರದ್ದು ಎಂಬ ಗೊಂದಲ ಹುಟ್ಟುತ್ತಿತ್ತು. ಮೊದಲು ಬರೆದದ್ದಕ್ಕೆ ಬೇಕಾದಷ್ಟು ಸ್ಥಳ, ಆಮೇಲೆ ಬರುವುದಕ್ಕೆ ಉಳಿದಷ್ಟು ಸ್ಥಳ. ಈ ಸರಳ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಇಡೀ ಕಥೆಗೆ ಇದೇ ಕೀಲಿಕೈ.

ಎತ್ತರಕ್ಕೆ ಅರ್ಥ ಬಂದುದು

ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಇಟಲಿಯ ಅರೆಝ್ಝೊ ನಗರದ ಗ್ವಿದೋ ಎಂಬ ಸನ್ಯಾಸಿ ಈ ಪುಟದ ಸ್ವರೂಪವನ್ನೇ ಬದಲಿಸಿದರು. ಪದದ ಮೇಲಿನ ಖಾಲಿ ಜಾಗದಲ್ಲಿ ಅವರು ಗೆರೆಗಳನ್ನು ವ್ಯವಸ್ಥಿತವಾಗಿ ಎಳೆದು, ಒಂದು ಸ್ವರದ ಗೆರೆಗೆ ಕೆಂಪು, ಮತ್ತೊಂದರ ಗೆರೆಗೆ ಹಳದಿ ಬಣ್ಣ ಕೊಟ್ಟರು. ಅಂದಿನಿಂದ ಪುಟದ ಮೇಲಿನ ಎತ್ತರಕ್ಕೆ ನಿರ್ದಿಷ್ಟ ಅರ್ಥ ಬಂದಿತು. ಮೇಲಿದ್ದರೆ ತಾರ, ಕೆಳಗಿದ್ದರೆ ಮಂದ್ರ. ಹತ್ತು ವರ್ಷ ಕಲಿತರೂ ಗಾಯಕರು ಗುರುವಿನ ನೆರವಿಲ್ಲದೆ ಹಾಡಲಾರದ ಸ್ಥಿತಿಯಿತ್ತೆಂದೂ, ತಮ್ಮ ಕ್ರಮದಲ್ಲಿ ಒಂದೆರಡು ವರ್ಷಗಳೇ ಸಾಕೆಂದೂ ಗ್ವಿದೋ ತಮ್ಮ ಬರಹಗಳಲ್ಲಿ ಹೇಳಿಕೊಂಡಿದ್ದಾರೆ. ಜಗದ್ಗುರು ಹತ್ತೊಂಬತ್ತನೆಯ ಜಾನರು ಅವರನ್ನು ರೋಮಿಗೆ ಕರೆಸಿಕೊಂಡು, ಅವರ ಪುಸ್ತಕವನ್ನು ತಾವೇ ನೋಡಿ ಪರೀಕ್ಷಿಸಿದರು.

ಇಲ್ಲಿ ಗಮನಿಸಬೇಕಾದ ಸೊಗಸಾದ ಸಂಗತಿಯೊಂದಿದೆ. ಸ್ನಾನಿಕ ಸಂತ ಯೊವಾನ್ನರನ್ನು ಕುರಿತ ಲತೀನ್ ಸ್ತುತಿಗೀತೆಯೊಂದರಲ್ಲಿ ಮೊದಲ ಆರು ಪಾದಗಳು ಒಂದೊಂದೂ ಹಿಂದಿನದಕ್ಕಿಂತ ಒಂದು ಸ್ವರ ಮೇಲಿನಿಂದ ಆರಂಭವಾಗುತ್ತವೆ. ಆ ಪಾದಗಳ ಮೊದಲಕ್ಷರಗಳನ್ನೇ ಗ್ವಿದೋ ಸ್ವರಗಳಿಗೆ ಹೆಸರಾಗಿ ಬಳಸಿದರು. ಉತ್, ರೆ, ಮಿ, ಫ, ಸೊಲ್, ಲ ಎಂಬ ಹೆಸರುಗಳು ಬಂದದ್ದು ಹೀಗೆ. ‘ಉತ್’ ಮುಂದೆ ‘ಡೊ’ ಆಯಿತು. ಸ್ವರಕ್ಕೆ ಹೆಸರು ಕೊಟ್ಟದ್ದೂ ಪ್ರಾರ್ಥನೆಯ ಪದವೇ.

ಗೆರೆಗಳು ಬಂದಮೇಲೆ ಪುಟದ ಲೆಕ್ಕಾಚಾರ ಬದಲಾಯಿತು. ನಾಲ್ಕು ಗೆರೆಗಳ ಪಟ್ಟಿಗೆ ತಕ್ಕಷ್ಟು ಎತ್ತರ ಬೇಕು. ಅಷ್ಟರಮಟ್ಟಿಗೆ ಪುಟದಲ್ಲಿ ಪದಗಳ ಸಾಲು ಕಡಿಮೆಯಾಗುತ್ತದೆ. ಪುಟಗಳು ಕುರಿ, ಕರುಗಳ ಚರ್ಮದ ಹಾಳೆಗಳಾಗಿದ್ದ ಕಾಲ ಅದು. ಇದ್ದರೂ ಮಠಗಳು ಆ ವೆಚ್ಚವನ್ನು ಹೊತ್ತವು. ಮಧ್ಯಯುಗದ ಕೊನೆಯ ಶತಮಾನಗಳಲ್ಲಿ ಇಡೀ ಗಾನವೃಂದವು ಒಂದೇ ಪುಸ್ತಕದ ಮುಂದೆ ನಿಂತು ಹಾಡುವಂತೆ ಆಳೆತ್ತರಕ್ಕೆ ಹತ್ತಿರವಾದ ಗಾಯನಗ್ರಂಥಗಳೂ ಬಂದವು. ಆದರೆ ಕ್ರಮೇಣ ಸ್ಥಾನಪಲ್ಲಟವೊಂದು ನಡೆದಿತ್ತು. ಸ್ವರದ ಪಟ್ಟಿ ಪುಟದ ಮುಖ್ಯ ಅಂಗವಾಯಿತು, ಪದವು ಅದರ ಕೆಳಗೆ ಸೇರಿಕೊಂಡಿತು.

ಪದಗಳಿಗೆ ಸ್ಥಳವಿಲ್ಲದ ಪುಟ

ಹದಿನೈದನೆಯ ಶತಮಾನದ ಬಹುಧ್ವನಿ ಗಾಯನದಲ್ಲಿ ಈ ಪಲ್ಲಟ ಅತಿರೇಕಕ್ಕೆ ಹೋಯಿತು. ನಾಲ್ಕೈದು ಧ್ವನಿಗಳು ಏಕಕಾಲಕ್ಕೆ ಬೇರೆಬೇರೆ ಸ್ವರಗಳಲ್ಲಿ ಹೆಣೆದುಕೊಳ್ಳುವ ಕಲೆ ಬೆಳೆದಾಗ, ಲಿಪಿಕಾರರು ಮೊದಲು ಸ್ವರಗಳನ್ನು ಬರೆದು, ಪದಗಳನ್ನು ಅನಂತರ ಕೆಳಗೆ ತುಂಬುವುದು ರೂಢಿಯಾಯಿತು. ಬಲಿಪೂಜೆಯ ಗೀತೆಗಳಲ್ಲಿ ಕೆಲವು ಧ್ವನಿಗಳಿಗೆ ಮೊದಲ ಪದವೊಂದನ್ನು ಬರೆದು ಉಳಿದದ್ದನ್ನು ಗಾಯಕನ ನೆನಪಿಗೂ ವಿವೇಕಕ್ಕೂ ಬಿಟ್ಟ ಹಸ್ತಪ್ರತಿಗಳು ಅನೇಕ. 1501ರಲ್ಲಿ ವೆನಿಸ್ ನಗರದಲ್ಲಿ ಒತ್ತಾವಿಯಾನೊ ಪೆತ್ರುಚ್ಚಿ ಎಂಬವರು ಅಚ್ಚುಮೊಳೆಗಳಿಂದ ಬಹುಧ್ವನಿ ಸಂಗೀತದ ಮೊದಲ ಸಂಗ್ರಹವನ್ನು ಮುದ್ರಿಸಿದರು. ಗೆರೆ, ಸ್ವರ, ಅಕ್ಷರ ಎಂದು ಒಂದೇ ಹಾಳೆಯನ್ನು ಬೇರೆಬೇರೆಯಾಗಿ ಅಚ್ಚಿಗೆ ಒಡ್ಡಿ ಅವರು ಸಾಧಿಸಿದ ಅಚ್ಚುಕಟ್ಟುತನ ಇಂದಿಗೂ ಬೆರಗು ಹುಟ್ಟಿಸುತ್ತದೆ. ಆದರೆ 96 ಕೃತಿಗಳ ಆ ಸುಂದರ ಪುಸ್ತಕದಲ್ಲಿ ಹಾಡಿನ ಪೂರ್ಣ ಸಾಹಿತ್ಯ ಬಹುಮಟ್ಟಿಗೆ ಇಲ್ಲವೇ ಇಲ್ಲ, ಆರಂಭದ ಪದಗಳಷ್ಟೇ ಇವೆ. 1528ರ ಸುಮಾರಿಗೆ ಪ್ಯಾರಿಸ್ಸಿನ ಪಿಯೆರ್ ಅತ್ತೆಂಞಾಂ ಗೆರೆಯ ತುಣುಕನ್ನೂ ಸ್ವರವನ್ನೂ ಒಂದೇ ಮೊಳೆಯಲ್ಲಿ ಸೇರಿಸಿ, ಒಂದೇ ಒತ್ತಿನಲ್ಲಿ ಮುದ್ರಿಸುವ ಕ್ರಮವನ್ನು ತಂದರು. ಪುಸ್ತಕಗಳ ಬೆಲೆ ಇಳಿಯಿತು. ಅವು ಹೊಸ ಹೊಸ ಕೈಗಳಿಗೆ ಸಿಕ್ಕವು. ಹೊಸ ಓದುಗರಿಗೆ ಹಳೆಯ ಗಾಯಕರ ಪರಂಪರಾಗತ ತಿಳಿವಳಿಕೆ ಇರಲಿಲ್ಲ. ಆದ್ದರಿಂದ ಪದವನ್ನು ಎಲ್ಲಿ ಇಡಬೇಕೆಂದು ಯಾರಾದರೂ ಹೇಳಲೇಬೇಕಾಯಿತು.

ಹಾಗೆ ಹೇಳಿದವರಲ್ಲಿ ಪ್ರಮುಖರು ಜೊಸೆಫ್ಫೊ ಜಾರ್ಲಿನೊ. ಮುಂದೆ ವೆನಿಸ್ಸಿನ ಸಂತ ಮಾರ್ಕರ ದೇವಾಲಯದ ಸಂಗೀತಾಚಾರ್ಯರಾದ ಇವರು 1558ರಲ್ಲಿ ಪ್ರಕಟಿಸಿದ ಸಂಗೀತಶಾಸ್ತ್ರ ಗ್ರಂಥದಲ್ಲಿ ಪದಗಳನ್ನು ಸ್ವರಗಳ ಕೆಳಗೆ ಇಡುವುದಕ್ಕೆ ಹತ್ತು ನಿಯಮಗಳನ್ನು ಕೊಟ್ಟರು. ದೀರ್ಘಾಕ್ಷರಕ್ಕೆ ದೀರ್ಘ ಸ್ವರ, ಹ್ರಸ್ವಾಕ್ಷರಕ್ಕೆ ಹ್ರಸ್ವ ಸ್ವರ. ಒಟ್ಟಿಗೆ ಕಟ್ಟಿದ ಸ್ವರಗುಚ್ಛಕ್ಕೆ ಒಂದೇ ಅಕ್ಷರ. ಸ್ವರದ ಕಾಲವನ್ನು ಹೆಚ್ಚಿಸುವ ಚುಕ್ಕೆಗೆ ಪ್ರತ್ಯೇಕ ಅಕ್ಷರ ಸಲ್ಲದು. ಅತಿ ಸಣ್ಣ ಸ್ವರಗಳಿಗೆ ಒಂದೊಂದು ಅಕ್ಷರ ಕೊಡುವುದು ವಿರಳವಾಗಿರಲಿ. ಕೊನೆಯ ಅಕ್ಷರವು ಕೊನೆಯ ಸ್ವರದೊಡನೆ ಮುಗಿಯಲಿ. ಇವು ಅವುಗಳಲ್ಲಿ ಕೆಲವು. ಗುರು ಲಘುಗಳ ಪರಿಚಯವಿರುವ ಕನ್ನಡ ವಾಚಕರಿಗೆ ಮೊದಲನೆಯ ನಿಯಮ ಅಪರಿಚಿತವಾಗಿ ಕಾಣದು. ಪದದ ಮಾತ್ರೆಯನ್ನು ಮುರಿದು ಹಾಡುವುದು ಭಾಷೆಗೆ ಮಾಡುವ ಅಪಚಾರವೆಂದು ಜಾರ್ಲಿನೊ ಬಗೆದಿದ್ದರು.

ಅದೇ ಹೊತ್ತಿಗೆ ಟ್ರೆಂಟ್ ಮಹಾಸಭೆ ನಡೆದಿತ್ತು. 1562ರ ಸೆಪ್ಟೆಂಬರಿನಲ್ಲಿ, ದೇವಾಲಯದ ಗಾಯನವು ಬರಿಯ ಕಿವಿಯ ಸುಖಕ್ಕಾಗದೆ ಪದಗಳು ಎಲ್ಲರಿಗೂ ತಿಳಿಯುವಂತಿರಬೇಕೆಂಬ ಕರಡೊಂದು ಚರ್ಚೆಗೆ ಬಂದಿತು. ಅಂತಿಮ ನಿರ್ಣಯವು ಇನ್ನೂ ಸಂಕ್ಷಿಪ್ತವಾಗಿ, ಅಶುದ್ಧವಾದ ಸಂಗೀತವನ್ನು ದೇವಾಲಯದಿಂದ ದೂರವಿಡಬೇಕೆಂದಷ್ಟೇ ಹೇಳಿತು. ಆದರೆ ಕಾಳಜಿ ಉಳಿಯಿತು. 1565ರ ಏಪ್ರಿಲ್ 28ರಂದು ರೋಮಿನಲ್ಲಿ ಕಾರ್ಡಿನಲ್ ವಿತೆಲ್ಲಿಯವರ ಮನೆಯಲ್ಲಿ ಜಗದ್ಗುರುಗಳ ಗಾಯಕರು ನೆರೆದು ಕೆಲವು ಬಲಿಪೂಜಾ ಸಂಗೀತಗಳನ್ನು ಹಾಡಿದರು. ಪದಗಳು ಕೇಳುಗರಿಗೆ ತಿಳಿಯುತ್ತವೆಯೇ ಎಂಬುದನ್ನು ನೋಡುವುದೇ ಉದ್ದೇಶ. ಪಾಲೆಸ್ತ್ರೀನರು ರಚಿಸಿ 1567ರಲ್ಲಿ ಪ್ರಕಟಿಸಿದ, ಜಗದ್ಗುರು ಮಾರ್ಚೆಲ್ಲೂಸರ ಹೆಸರಿನ ಬಲಿಪೂಜಾ ಸಂಗೀತವೇ ಬಹುಧ್ವನಿ ಗಾಯನವನ್ನು ನಿಷೇಧದಿಂದ ಉಳಿಸಿತೆಂಬ ಕಥೆ ಮುಂದೆ ಹುಟ್ಟಿಕೊಂಡ ದಂತಕಥೆ. ಆದರೂ ಆ ಕೃತಿಯ ‘ಮಹಿಮೆ’ ಮತ್ತು ‘ವಿಶ್ವಾಸ ಪ್ರಮಾಣ’ದ ಭಾಗಗಳಲ್ಲಿ ಆರು ಧ್ವನಿಗಳು ಬಹುಮಟ್ಟಿಗೆ ಒಂದಕ್ಷರಕ್ಕೊಂದು ಸ್ವರವೆಂಬಂತೆ ಜೊತೆಯಾಗಿ ಹೆಜ್ಜೆಯಿಡುವುದನ್ನು ಕೇಳಿದವರಿಗೆ ಆ ಕಥೆ ಏಕೆ ಹುಟ್ಟಿತೆಂಬುದು ತಿಳಿಯುತ್ತದೆ.

ತಿದ್ದಲು ಹೋಗಿ ಕತ್ತರಿಸಿದುದು

ಸುಧಾರಣೆಯ ಉತ್ಸಾಹ ಹಳೆಯ ಗ್ರೆಗೋರಿಯನ್ ಗಾಯನದತ್ತಲೂ ತಿರುಗಿತು. 1577ರಲ್ಲಿ ಜಗದ್ಗುರು ಹದಿಮೂರನೆಯ ಗ್ರೆಗೊರಿಯವರು ಗಾಯನಗ್ರಂಥಗಳ ಪರಿಷ್ಕರಣೆಯನ್ನು ಪಾಲೆಸ್ತ್ರೀನ ಮತ್ತು ಜೊಯಿಲೊ ಅವರಿಗೆ ಒಪ್ಪಿಸಿದರು. ಅವರಿಂದ ಅದು ಪೂರ್ಣಗೊಳ್ಳಲಿಲ್ಲ. ಕೊನೆಗೆ 1614 ಮತ್ತು 1615ರಲ್ಲಿ, ಅನೇರಿಯೊ ಮತ್ತು ಸೊರಿಯಾನೊ ಅವರು ಸಿದ್ಧಪಡಿಸಿದ ಆವೃತ್ತಿ ರೋಮಿನ ಮೆದೀಚಿ ಮುದ್ರಣಾಲಯದಿಂದ ಹೊರಬಂದಿತು. ಒತ್ತಿಲ್ಲದ ಅಕ್ಷರದ ಮೇಲೆ ಉದ್ದನೆಯ ಸ್ವರಮಾಲೆ ಬರುವುದು ಅನಾಗರಿಕತೆಯೆಂಬುದು ಅಂದಿನ ವಿದ್ವಾಂಸರ ಮತ. ಆದ್ದರಿಂದ ಆ ಮಾಲೆಗಳನ್ನು ಮೊಟಕುಗೊಳಿಸಿದರು. ಕೆಲವನ್ನು ಒತ್ತುಳ್ಳ ಅಕ್ಷರಕ್ಕೆ ಸರಿಸಿದರು. ಪದದ ಮೇಲಿನ ಗೌರವದಿಂದಲೇ ಈ ಕೆಲಸ ನಡೆಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಪದ ಮುಗಿದ ಮೇಲೂ ಹೃದಯ ಹಾಡುತ್ತಿರುತ್ತದೆ ಎಂಬ ಹಳೆಯ ಅರಿವು ಆ ಕತ್ತರಿಗೆ ಸಿಕ್ಕಿ ಕುಗ್ಗಿತು.

ಕಳೆದುಕೊಂಡದ್ದನ್ನು ಮರಳಿ ಹುಡುಕಿದವರು ಫ್ರಾನ್ಸಿನ ಸೋಲೆಮ್ ಮಠದ ಬೆನೆಡಿಕ್ಟೀನ್ ಸನ್ಯಾಸಿಗಳು. 1833ರಲ್ಲಿ ಪ್ರಾಸ್ಪರ್ ಗೆರಾಂಜೆಯವರು ಪುನಃಸ್ಥಾಪಿಸಿದ ಈ ಮಠದಲ್ಲಿ ಜೋಸೆಫ್ ಪೊತಿಯೆಯವರು ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ 1883ರಲ್ಲಿ ಗಾಯನಗ್ರಂಥವೊಂದನ್ನು ಹೊರತಂದರು. ಆಗ ಜರ್ಮನಿಯ ರೇಗನ್ಸ್‌ಬರ್ಗಿನ ಪುಸ್ಟೆಟ್ ಪ್ರಕಾಶನವು ಮೆದೀಚಿ ಆವೃತ್ತಿಯನ್ನು ಆಧರಿಸಿದ ಗ್ರಂಥಗಳನ್ನು ರೋಮಿನ ವಿಶೇಷ ಹಕ್ಕಿನೊಡನೆ ಮುದ್ರಿಸುತ್ತಿತ್ತು. ವಾದಗಳಿಂದ ಈ ವಿವಾದ ಬಗೆಹರಿಯದೆಂದು ಕಂಡ ಆಂದ್ರೆ ಮೊಕೆರೊ ಎಂಬ ಸನ್ಯಾಸಿ 1889ರಿಂದ ಹಸ್ತಪ್ರತಿಗಳ ಛಾಯಾಚಿತ್ರಗಳನ್ನೇ ಪ್ರಕಟಿಸತೊಡಗಿದರು. ಒಂದೇ ಒಂದು ಗೀತೆಯನ್ನು ಇನ್ನೂರಕ್ಕೂ ಹೆಚ್ಚು ಹಸ್ತಪ್ರತಿಗಳಿಂದ ಎತ್ತಿ ತೋರಿಸಿದರು. ಶತಮಾನಗಳ ಅಂತರದಲ್ಲಿ, ನೂರಾರು ಹರದಾರಿಗಳ ದೂರದಲ್ಲಿ ಬರೆದ ಆ ಪುಟಗಳಲ್ಲಿ ಸ್ವರಮಾಲೆಗಳು ಬಹುಮಟ್ಟಿಗೆ ಅದೇ ಅಕ್ಷರಗಳ ಮೇಲೆಯೇ ಕುಳಿತಿದ್ದವು. 1903ರ ನವೆಂಬರ್ 22ರಂದು ಜಗದ್ಗುರು ಹತ್ತನೆಯ ಪಿಯುಸರು ಹೊರಡಿಸಿದ ಪತ್ರದ ತರುವಾಯ ಹಳೆಯ ಸ್ವರಮಾಲೆಗಳು ಅಧಿಕೃತವಾಗಿ ಹಿಂದಿರುಗಿದವು. ವ್ಯಾಟಿಕನ್ ಆವೃತ್ತಿಯ ಮುಖ್ಯ ಗಾಯನಗ್ರಂಥ 1908ರಲ್ಲಿ ಪ್ರಕಟವಾಯಿತು.

1979ರಲ್ಲಿ ಸೋಲೆಮ್ ಮಠವೇ ಪ್ರಕಟಿಸಿದ ಮತ್ತೊಂದು ಗ್ರಂಥದ ಪುಟ ಈ ಚರಿತ್ರೆಯ ಸಾರಾಂಶದಂತಿದೆ. ನಡುವೆ ನಾಲ್ಕು ಗೆರೆಗಳ ಮೇಲಿನ ಚೌಕ ಸ್ವರಗಳು; ಅವುಗಳ ಮೇಲೆ ಕಪ್ಪು ಬಣ್ಣದಲ್ಲಿ ಫ್ರಾನ್ಸಿನ ಲಾಂ ನಗರದ ಹತ್ತನೆಯ ಶತಮಾನದ ನ್ಯೂಮ್‌ಗಳು; ಕೆಳಗೆ ಕೆಂಪು ಬಣ್ಣದಲ್ಲಿ ಸಂತ ಗಾಲ್ ಮಠದ ಪರಂಪರೆಯವು; ಜೊತೆಗೆ ಪೂಜಾವಿಧಿಯ ಪದಗಳು. ಒಂದೇ ಸಾಲಿನ ಎತ್ತರದಲ್ಲಿ ಸಾವಿರ ವರ್ಷಗಳ ಸಾಕ್ಷ್ಯಗಳು ಒಂದನ್ನೊಂದು ತುಳಿಯದೆ ನಿಂತಿವೆ.

ಭಕ್ತಜನರ ಕೈಗೆ

ಇತ್ತ ಗಾಯನವು ಗಾನವೃಂದದಿಂದ ಇಡೀ ಭಕ್ತಸಮುದಾಯಕ್ಕೆ ಹರಡಿದಾಗ ಪುಟದ ಸಮಸ್ಯೆ ಹೊಸ ರೂಪ ತಾಳಿತು. ಒಂದೇ ರಾಗಕ್ಕೆ ನಾಲ್ಕಾರು ಚರಣಗಳಿದ್ದರೆ ಅವುಗಳನ್ನೆಲ್ಲ ಎಲ್ಲಿ ಇಡುವುದು? ಸುಧಾರಿತ ಸಭೆಗಳ ಗೀತಪುಸ್ತಕಗಳಲ್ಲಿ ಹಲವು ಪ್ರಯೋಗಗಳು ನಡೆದವು. ಕೆಲವು ಪುಸ್ತಕಗಳ ಪುಟಗಳನ್ನು ಅಡ್ಡಲಾಗಿ ಕತ್ತರಿಸಿ, ಮೇಲರ್ಧದಲ್ಲಿ ರಾಗ, ಕೆಳಗರ್ಧದಲ್ಲಿ ಸಾಹಿತ್ಯ ಮುದ್ರಿಸಿ, ಬೇಕಾದ ರಾಗಕ್ಕೆ ಬೇಕಾದ ಪದವನ್ನು ಹೊಂದಿಸಿಕೊಳ್ಳಲು ಬಿಟ್ಟಿದ್ದರು. ಇಂಗ್ಲೆಂಡಿನಲ್ಲಿ ರಾಗದ ಕೆಳಗೆ ಚರಣಗಳನ್ನು ಪದ್ಯರೂಪದಲ್ಲಿ ಪ್ರತ್ಯೇಕವಾಗಿ ಮುದ್ರಿಸುವ ರೂಢಿ ಬೇರೂರಿತು. ಅಮೆರಿಕದಲ್ಲಿ ಎಲ್ಲ ಚರಣಗಳನ್ನೂ ಸ್ವರಪಟ್ಟಿಗಳ ನಡುವೆಯೇ ಒಂದರ ಕೆಳಗೊಂದು ಜೋಡಿಸುವುದು ಬಳಕೆಗೆ ಬಂದಿತು. ಮೊದಲನೆಯದರಲ್ಲಿ ಪದ್ಯವು ಪದ್ಯವಾಗಿ ಕಾಣುತ್ತದೆ, ಆದರೆ ಕಣ್ಣು ಮೇಲಕ್ಕೂ ಕೆಳಕ್ಕೂ ಓಡಾಡಬೇಕು. ಎರಡನೆಯದರಲ್ಲಿ ಹಾಡುವುದು ಸುಲಭ, ಆದರೆ ಕವಿತೆ ಚೂರುಚೂರಾಗಿ ಅದರ ಅರ್ಥದ ಸಾಲು ಕಾಣದಾಗುತ್ತದೆ. ಹಳೆಯ ಎಳೆದಾಟವೇ ಮತ್ತೊಮ್ಮೆ!

ಇಂಗ್ಲೆಂಡಿನ ನಾರಿಚ್ ನಗರದ ಸಾರಾ ಗ್ಲೋವರ್ ಎಂಬ ಶಿಕ್ಷಕಿ ರೂಪಿಸಿ, ಜಾನ್ ಕರ್ವೆನ್ ಎಂಬ ಬೋಧಕರು 1840ರ ದಶಕದಿಂದ ಪ್ರಚಾರಕ್ಕೆ ತಂದ ಟಾನಿಕ್ ಸೊಲ್ಫಾ ಎಂಬ ಕ್ರಮವು ಗೆರೆಗಳನ್ನೇ ಕೈಬಿಟ್ಟಿತು. ಸ್ವರಗಳ ಮೊದಲಕ್ಷರಗಳನ್ನು ಒಂದು ಸಾಲಿನಲ್ಲೂ ಪದಗಳನ್ನು ಅದರ ಕೆಳಗೂ ಸಾಮಾನ್ಯ ಅಚ್ಚುಮೊಳೆಗಳಿಂದಲೇ ಮುದ್ರಿಸಬಹುದಾಗಿತ್ತು. ಬಡ ಸಭೆಗಳಿಗೂ ಎಟುಕುವ ಈ ಕ್ರಮ ನಮ್ಮ ದೇಶದ ಮಿಜೋರಾಂನಲ್ಲಿ ಜನಜೀವನದ ಭಾಗವೇ ಆಯಿತು. ನಮ್ಮ ಕರ್ನಾಟಕ ಸಂಗೀತದ ಪುಸ್ತಕಗಳಲ್ಲಿಯೂ ಮೇಲೆ ಸ್ವರದ ಸಾಲು, ಕೆಳಗೆ ಸಾಹಿತ್ಯದ ಸಾಲು ಇರುವುದನ್ನು ವಾಚಕರು ಕಂಡಿರಬಹುದು. 1904ರಲ್ಲಿ ಎಟ್ಟಯಪುರದಲ್ಲಿ ಪ್ರಕಟವಾದ ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯು ಅವುಗಳೊಡನೆ ಗಮಕದ ಚಿಹ್ನೆಗಳಿಗೂ ಸ್ಥಳ ಕಲ್ಪಿಸಿದ ಮಹಾಗ್ರಂಥ. ಈ ಕ್ರಮಗಳಲ್ಲಿ ಎತ್ತರವು ಶ್ರುತಿಯನ್ನು ಸೂಚಿಸುವುದಿಲ್ಲ, ಅಕ್ಷರವೇ ಸೂಚಿಸುತ್ತದೆ. ಆದ್ದರಿಂದ ಪುಟಕ್ಕೆ ಕಡಿಮೆ ಜಾಗ ಸಾಕು.

ಯಂತ್ರಕ್ಕೆ ಕಲಿಸಿದ ಪಾಠ

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸ್ವರಲಿಪಿ ಗಣಕಯಂತ್ರವನ್ನು ಪ್ರವೇಶಿಸಿತು. ಅಮೆರಿಕದ ಸ್ಟಾನ್‌ಫರ್ಡಿನಲ್ಲಿ ಲೀಲೆಂಡ್ ಸ್ಮಿತ್ ಅವರ ‘ಸ್ಕೋರ್’ ದಾರಿ ತೋರಿತು. 1988ರಲ್ಲಿ ‘ಫಿನಾಲೆ’, 1993ರಲ್ಲಿ ಬ್ರಿಟನ್ನಿನ ಫಿನ್ ಸೋದರರ ‘ಸಿಬೇಲಿಯಸ್’, 1996ರಲ್ಲಿ ನೆದರ್ಲೆಂಡ್ಸಿನ ಇಬ್ಬರು ಆರಂಭಿಸಿದ ‘ಲಿಲಿಪಾಂಡ್’, 2002ರಲ್ಲಿ ‘ಮ್ಯೂಸ್‌ಸ್ಕೋರ್’, 2016ರಲ್ಲಿ ‘ಡೊರಿಕೊ’ ಬಂದವು. ಇವುಗಳಲ್ಲಿ ಲಿಲಿಪಾಂಡ್ ಮತ್ತು ಮ್ಯೂಸ್‌ಸ್ಕೋರ್ ಯಾರು ಬೇಕಾದರೂ ಬೆಲೆಯಿಲ್ಲದೆ ಬಳಸಬಹುದಾದ ತಂತ್ರಾಂಶಗಳು. ಮೂವತ್ತಾರು ವರ್ಷ ಬಾಳಿದ ಫಿನಾಲೆಯ ಅಭಿವೃದ್ಧಿಯನ್ನು ಅದರ ತಯಾರಕರು 2024ರ ಆಗಸ್ಟಿನಲ್ಲಿ ನಿಲ್ಲಿಸಿದರು.

ಅಲ್ಲಿಯವರೆಗೆ ಕೆತ್ತನೆಗಾರನ ಕಣ್ಣಿನಲ್ಲಿದ್ದ ವಿವೇಕವನ್ನು ಈಗ ಯಂತ್ರಕ್ಕೆ ನಿಯಮಗಳಾಗಿ ಹೇಳಬೇಕಾಯಿತು. ಒಂದು ಸಾಲಿನ ಪದಗಳೆಲ್ಲ ಒಂದೇ ಮಟ್ಟದಲ್ಲಿ ನಿಲ್ಲಬೇಕು. ಆದರೆ ಗೆರೆಗಳಿಗಿಂತ ಬಹಳ ಕೆಳಗಿಳಿದ ಸ್ವರವೊಂದಿದ್ದರೆ ಅದು ಪದಕ್ಕೆ ತಾಗುತ್ತದೆ. ಆಗ ಆ ಒಂದು ಸ್ವರಕ್ಕಾಗಿ ಇಡೀ ಸಾಲಿನ ಪದಗಳನ್ನು ಕೆಳಗಿಳಿಸಬೇಕು. ಪದ ಇಳಿದರೆ ಅದರ ಕೆಳಗಿನ ಸ್ವರಪಟ್ಟಿ ಇಳಿಯಬೇಕು. ಅದು ಇಳಿದರೆ ಪುಟದ ಕೊನೆಯ ಸಾಲು ಮುಂದಿನ ಪುಟಕ್ಕೆ ಹೋಗಬೇಕು. ಪದವನ್ನು ಹೆಚ್ಚು ಇಳಿಸಿದರೆ ಅದು ಮೇಲಿನ ಸ್ವರದ್ದೋ ಕೆಳಗಿನ ಸ್ವರದ್ದೋ ಎಂಬ ಸಂಶಯ ಹುಟ್ಟುತ್ತದೆ. ಒಂದು ಪದದ ಅಕ್ಷರಗಳ ನಡುವೆ ಅಡ್ಡಗೀಟು, ಪದದ ಕೊನೆಯ ಅಕ್ಷರ ಹಲವು ಸ್ವರಗಳಿಗೆ ಚಾಚಿಕೊಂಡರೆ ಅದರ ಮುಂದೆ ಉದ್ದಗೆರೆ ಬೇಕು. ಫಿನಾಲೆಯಲ್ಲಿ ಪದಗಳ ಮಟ್ಟವನ್ನು ಪರದೆಯ ಎಡಬದಿಯ ನಾಲ್ಕು ಪುಟ್ಟ ತ್ರಿಕೋನಗಳನ್ನು ಎಳೆದು ಸರಿಪಡಿಸಬೇಕಾಗಿತ್ತು. ಲಿಲಿಪಾಂಡ್ ಪ್ರತಿ ಸಾಲಿನ ಮೇಲಂಚು ಕೆಳಂಚುಗಳ ಏರಿಳಿತವನ್ನು ಊರಿನ ಮನೆಗಳ ಮಾಡುಗಳು ಆಕಾಶಕ್ಕೆ ಬರೆಯುವ ಗೆರೆಯಂತೆ ಅಳೆದು, ಎರಡು ಅಂಚುಗಳು ತಾಗದಂತೆ ಸಾಲುಗಳನ್ನು ಜೋಡಿಸುತ್ತದೆ. ಮ್ಯೂಸ್‌ಸ್ಕೋರ್ ತನ್ನ ಮೂರನೆಯ ಆವೃತ್ತಿಯಲ್ಲಿ, 2018ರ ಡಿಸೆಂಬರಿನಿಂದ, ಇಂತಹ ಘರ್ಷಣೆಗಳನ್ನು ತಾನಾಗಿಯೇ ತಪ್ಪಿಸುವುದನ್ನು ಕಲಿಯಿತು.

ಈ ನಡುವೆ ಫ್ರಾನ್ಸಿನಲ್ಲಿ 2006ರಲ್ಲಿ ಆರಂಭವಾದ ‘ಗ್ರೆಗೋರಿಯೊ’ ಎಂಬ ಉಚಿತ ತಂತ್ರಾಂಶ ಗ್ರೆಗೋರಿಯನ್ ಗಾಯನಕ್ಕಾಗಿಯೇ ರೂಪುಗೊಂಡಿತು. ಇದರಲ್ಲಿ ಮೊದಲು ಅಕ್ಷರವನ್ನು ಬರೆದು, ಅದರ ಸ್ವರಗಳನ್ನು ಪಕ್ಕದಲ್ಲಿ ಕಂಸದೊಳಗೆ ಸೂಚಿಸಬೇಕು. ಸ್ವರಗಳು ಒಂದೇ ಇರಲಿ, ಮೂವತ್ತಿರಲಿ, ತಂತ್ರಾಂಶವು ಅವುಗಳಿಗೆ ಬೇಕಾದಷ್ಟು ತೆರಪನ್ನು ಲೆಕ್ಕಹಾಕಿ, ಮುಂದಿನ ಅಕ್ಷರವನ್ನು ಅಲ್ಲಿಯವರೆಗೆ ಕಾಯಿಸುತ್ತದೆ. ಸಂತ ಗಾಲ್ ಮಠದ ಲಿಪಿಕಾರನು ಅನುಸರಿಸಿದ ಕ್ರಮವೇ ಇದು, ಪದ ಮೊದಲು, ಸ್ವರ ಅನಂತರ. ಅವನನ್ನು ಕಾಡಿದ ಅಂದಾಜಿನ ತೊಡಕು ಮಾತ್ರ ಇಲ್ಲಿಲ್ಲ.

ಕನ್ನಡದ ಅಕ್ಷರ ಸ್ವರದ ಕೆಳಗೆ

ಇನ್ನು ನಮ್ಮ ಭಾಷೆಯ ವಿಷಯಕ್ಕೆ ಬರೋಣ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯನ್ನು ಕುರಿತ ಸಂವಿಧಾನವನ್ನು ಪ್ರಕಟಿಸಿ, ಜನರ ಭಾಷೆಗೆ ಪೂಜಾವಿಧಿಯ ಬಾಗಿಲನ್ನು ತೆರೆಯಿತು. ಕನ್ನಡದಲ್ಲಿ ಹೊಸ ಗೀತೆಗಳು ರಚನೆಯಾದವು. ಪಾಶ್ಚಾತ್ಯ ರಾಗಗಳಿಗೆ ಕನ್ನಡ ಪದಗಳನ್ನು ಹೊಂದಿಸಿದ್ದೂ ಉಂಟು. ರಾಗ ಮೊದಲೇ ಸಿದ್ಧವಾಗಿರುವಾಗ ಪದಕ್ಕೆ ಉಳಿದಷ್ಟೇ ಸ್ಥಳ ಎಂಬ ಹಳೆಯ ನಿಯಮ ಇಲ್ಲಿ ನಮ್ಮನ್ನು ಕಾಡುತ್ತದೆ. ಕನ್ನಡದಲ್ಲಿ ಸ್ವರದ ಹ್ರಸ್ವ ದೀರ್ಘಗಳು ಅರ್ಥವನ್ನೇ ಬದಲಿಸುತ್ತವೆ. ‘ವರ’ ಎಂಬ ಪದದ ಮೊದಲಕ್ಷರವನ್ನು ಉದ್ದನೆಯ ಸ್ವರದ ಕೆಳಗೆ ಇಟ್ಟರೆ ಕೇಳುವವರಿಗೆ ‘ವಾರ’ ಎಂದಾಗುತ್ತದೆ. ‘ನಿನ್ನ ಬಲ’ ಎಂದು ದೇವರನ್ನು ಸ್ತುತಿಸಹೊರಟವರು ಏನು ಹಾಡಿದಂತಾಗುತ್ತದೆಂದು ವಾಚಕರೇ ಊಹಿಸಿಕೊಳ್ಳಿ. ಜಾರ್ಲಿನೊ ಅವರ ಮೊದಲ ನಿಯಮ ಲತೀನಿಗಿಂತ ಕನ್ನಡಕ್ಕೆ ಹೆಚ್ಚು ಅನ್ವಯಿಸುತ್ತದೆಂದರೆ ತಪ್ಪಾಗದು. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆಂದು ಶಾಲೆಯಲ್ಲಿ ಕಲಿತ ಛಂದಸ್ಸಿನ ಪಾಠ ಗೀತರಚನಕಾರನ ಮೇಜಿನ ಮೇಲೆ ಸದಾ ಇರಬೇಕಾದದ್ದು.

ಲಿಪಿಯ ದೃಷ್ಟಿಯಿಂದ ಕನ್ನಡಕ್ಕೆ ಒಂದು ಅನುಕೂಲವೂ ಒಂದು ಅನನುಕೂಲವೂ ಇವೆ. ರೋಮನ್ ಲಿಪಿಯಲ್ಲಿ ಪದವನ್ನು ಹಾಡಲು ಒಡೆಯಬೇಕಾದರೆ ಎಲ್ಲಿ ಒಡೆಯಬೇಕೆಂದು ವ್ಯಾಕರಣವನ್ನು ಕೇಳಬೇಕು. ನಮ್ಮಲ್ಲಿ ಬರೆಯುವ ಘಟಕವೇ ಅಕ್ಷರವಾದ್ದರಿಂದ ‘ಕ್ರಿಸ್ತ’ ಎಂಬುದು ‘ಕ್ರಿ’, ‘ಸ್ತ’ ಎಂದು ತಾನಾಗಿಯೇ ಎರಡು ಸ್ವರಗಳಿಗೆ ಒದಗುತ್ತದೆ. ಅನನುಕೂಲವೆಂದರೆ ಎತ್ತರ. ನಮ್ಮ ಗುಣಿತದ ಗುರುತುಗಳು ಮೇಲಕ್ಕೆ ಏರುತ್ತವೆ, ಒತ್ತುಗಳು ಕೆಳಕ್ಕೆ ಇಳಿಯುತ್ತವೆ. ‘ಸ್ತ್ರೀ’, ‘ರಾಷ್ಟ್ರ’ ಎಂಬಂತಹ ಪದಗಳು ಸಾಲಿನ ಕೆಳಗೆ ಬಹಳ ಆಳಕ್ಕೆ ಹೋಗುತ್ತವೆ. ಮೂರು ನಾಲ್ಕು ಚರಣಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಮೇಲಿನ ಚರಣದ ಒತ್ತು ಕೆಳಗಿನ ಚರಣದ ತಲೆಗೆ ತಾಗುತ್ತದೆ. ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ನಿಗದಿಪಡಿಸಿದ ಅಂತರಗಳು ಕನ್ನಡಕ್ಕೆ ಸಾಲವು. ಚರಣಗಳ ನಡುವಿನ ಜಾಗವನ್ನು ನಾವೇ ಹೆಚ್ಚಿಸಿಕೊಳ್ಳಬೇಕು. 1991ರಲ್ಲಿ ಯೂನಿಕೋಡ್ ಕನ್ನಡಕ್ಕೆ ತನ್ನಲ್ಲಿ ಸ್ಥಾನ ಕೊಟ್ಟಿತು. ಮುಂದಿನ ವರ್ಷಗಳಲ್ಲಿ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸಬಲ್ಲ ವ್ಯವಸ್ಥೆಗಳು ಗಣಕಯಂತ್ರಗಳಲ್ಲಿ ಬೆಳೆದುದರಿಂದ, ಮೇಲೆ ಹೆಸರಿಸಿದ ಉಚಿತ ತಂತ್ರಾಂಶಗಳಲ್ಲಿಯೂ ಇಂದು ಸ್ವರದ ಕೆಳಗೆ ಕನ್ನಡವನ್ನು ನೇರವಾಗಿ ಬರೆಯಬಹುದಾಗಿದೆ.

ಇಷ್ಟೆಲ್ಲ ಏಕೆ ಹೇಳಬೇಕಾಯಿತೆಂದರೆ, ನಮ್ಮ ಕನ್ನಡ ಗೀತಪುಸ್ತಕಗಳಲ್ಲಿ ಬಹುಪಾಲು ಇಂದಿಗೂ ಪದಗಳು ಮಾತ್ರ ಇರುತ್ತವೆ. ರಾಗಗಳು ಹಿರಿಯ ಗಾಯಕರ, ಉಪದೇಶಿಗಳ, ಕನ್ಯಾಸ್ತ್ರೀಯರ ನೆನಪಿನಲ್ಲಿವೆ. ನಮ್ಮ ಪುಸ್ತಕಗಳು ಇಸಿದೋರರ ಕಾಲದ ಪುಸ್ತಕಗಳಂತೆಯೇ ಇವೆಯೆಂದರೆ ಅತಿಶಯೋಕ್ತಿಯಲ್ಲ. ನಾದ ನೆನಪಿನಲ್ಲಿ ಉಳಿಯದಿದ್ದರೆ ಅಳಿಯುತ್ತದೆ ಎಂದ ಅವರ ಮಾತು ನಮ್ಮ ಧರ್ಮಕೇಂದ್ರಗಳಿಗೆ ಎಚ್ಚರಿಕೆಯಾಗಬೇಕು. ತಪಸ್ಸುಕಾಲದಲ್ಲಿ ನಿಮ್ಮ ಊರಿನಲ್ಲಿ ಮಾತ್ರ ಹಾಡುವ ಶಿಲುಬೆಯ ಹಾದಿಯ ರಾಗ, ಅಜ್ಜಿಯರು ಜಪಸರದ ಕೊನೆಗೆ ಹಾಡುವ ಮರಿಯಮ್ಮನವರ ಗೀತೆ, ಇವುಗಳನ್ನು ಯಾರು ಬರೆದಿಟ್ಟಿದ್ದಾರೆ? ಧ್ವನಿಮುದ್ರಣ ಒಳ್ಳೆಯದೇ, ಆದರೆ ಯಾವ ಅಕ್ಷರಕ್ಕೆ ಯಾವ ಸ್ವರವೆಂದು ಬರೆದಿಟ್ಟ ಪುಟವು ಮುಂದಿನ ಪೀಳಿಗೆಗೆ ಕಲಿಸುತ್ತದೆ, ತಿದ್ದುತ್ತದೆ.

ಪ್ರಿಯ ವಾಚಕರೇ, ನಿಮ್ಮ ಧರ್ಮಕೇಂದ್ರದಲ್ಲಿ ಗಣಕಯಂತ್ರ ಬಲ್ಲ ಯುವಕ ಯುವತಿಯರಿರುತ್ತಾರೆ, ಹಳೆಯ ರಾಗಗಳನ್ನು ಬಲ್ಲ ಹಿರಿಯರೂ ಇರುತ್ತಾರೆ. ಇವರಿಬ್ಬರನ್ನು ಒಂದು ಮೇಜಿನ ಬಳಿ ಕೂರಿಸಿ. ಹಿರಿಯರು ಹಾಡಲಿ, ಕಿರಿಯರು ಬರೆಯಲಿ. ಸ್ವರಕ್ಕೆ ಬೇಕಾದ ಎತ್ತರ, ಪದಕ್ಕೆ ಬೇಕಾದ ತೆರಪು ಎರಡನ್ನೂ ಧಾರಾಳವಾಗಿ ಬಿಡಿ; ಕಾಗದ ಈಗ ಚರ್ಮದ ಹಾಳೆಯಷ್ಟು ದುಬಾರಿಯಲ್ಲ. ಅರ್ಥವರಿತು ಹಾಡಬೇಕು, ಆತ್ಮದಿಂದಲೂ ಹಾಡಬೇಕು ಎಂಬುದು ಸಂತ ಪೌಲರು ಕೊರಿಂಥದ ಸಭೆಗೆ ಬರೆದ ಬುದ್ಧಿಮಾತಿನ ಸಾರ. ಆ ಮಾತನ್ನು ಪಾಲಿಸುವ ಕೆಲಸವು ಒಂದು ಅಕ್ಷರವನ್ನು ಅದರ ಸ್ವರದ ಕೆಳಗೆ ಸರಿಯಾಗಿ ನಿಲ್ಲಿಸುವುದರಿಂದಲೇ ಆರಂಭವಾಗಲಿ.